ಹೆಬ್ಬೆಟ್ಟಿನ ಹಕ್ಕು

(ನಮ್ಮ ತಾಲ್ಲೂಕಿನ ಗ್ರಂಥಾಲಯದಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಓಟದಲ್ಲಿ ಬಿಟ್ಟುಹೋಗಿದ್ದ ಕೆಲವು ಇಸವಿ, ಕಲಂಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕರಪತ್ರದಲ್ಲಿ ಖಾಸಗಿತನ, ತಂತ್ರಜ್ಞಾನ, ಕಾನೂನು ಎಂದು ಅಚ್ಚಾಗಿದೆ. ಆ ಮೂರನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ನಮ್ಮಮ್ಮನ ಹೆಬ್ಬೆಟ್ಟಿನಿಂದ ಶುರು ಮಾಡುತ್ತೇನೆ.

ಅಮ್ಮ ಅಡಿಕೆ ಸುಲಿಯಲು ಕೂಲಿಗೆ ಹೋಗುತ್ತಿದ್ದಳು. ಕೊನೆಕೊಯ್ಲಿನ ದಿನಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕೂತರೆ ಏಳುವುದು ರಾತ್ರಿ ಹತ್ತಕ್ಕೆ. ಸುಲಿದವರಿಗೆ ಗೊತ್ತು, ಹಸಿ ಅಡಿಕೆಯ ಚೊಗರು ಒಮ್ಮೆ ಹತ್ತಿದರೆ ಸೀಗೆಪುಡಿಗೂ ಹೋಗುವುದಿಲ್ಲ. 1990ರ ದಶಕದ ಶುರುವಿನಲ್ಲಿ ಸಾಕ್ಷರತಾ ಆಂದೋಲನ ನಮ್ಮೂರಿಗೂ ಬಂತು. ಶಾಲೆಯ ಜಗಲಿ, ಒಂದು ಲಾಟೀನು, ಹತ್ತು ಹನ್ನೆರಡು ಹೆಂಗಸರು, ಮಕ್ಕಳ ಹಳೇ ಸ್ಲೇಟು. ಮೂವತ್ತೆಂಟನೇ ವಯಸ್ಸಿನಲ್ಲಿ ಅಮ್ಮ ತನ್ನ ಹೆಸರು ಬರೆಯಲು ಕಲಿತಳು. ಸೊಸೈಟಿಯಲ್ಲಿ ಮೊದಲ ಸಲ ಸಹಿ ಹಾಕಿ ಬಂದ ಸಂಜೆ, ಮನೆಯೊಳಗೆ ಕಾಲಿಡುತ್ತಲೇ ಹೆಬ್ಬೆಟ್ಟನ್ನು ಅಪ್ಪನ ಮುಖದ ಮುಂದೆ ಹಿಡಿದಳು. ಅದರಲ್ಲಿ ಚೊಗರಿನ ಕಪ್ಪಿತ್ತು, ಇಂಕ್ ಪ್ಯಾಡಿನ ನೀಲಿ ಇರಲಿಲ್ಲ. ಅವಳು ತೋರಿಸಬೇಕಾಗಿದ್ದದ್ದು ಅದನ್ನೇ.

ನಮ್ಮ ಭಾಷೆಯಲ್ಲಿ ಹೆಬ್ಬೆಟ್ಟು ಬೆರಳಿನ ಹೆಸರೂ ಹೌದು, ಬೈಗುಳವೂ ಹೌದು. ‘ಅವನೊಬ್ಬ ಹೆಬ್ಬೆಟ್ಟು’ ಅಂದರೆ ಏನರ್ಥ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆ ಮಾತಿನಿಂದ ಪಾರಾಗಲು ಅಮ್ಮ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದಳು! ಈಗ ಎಪ್ಪತ್ತು ದಾಟಿದ ಅಮ್ಮ ಮತ್ತೆ ಹೆಬ್ಬೆಟ್ಟಿಗೇ ಬಂದಿದ್ದಾಳೆ. ಅಕ್ಕಿಗೆ ತಂಬ್, ಸಿಮ್ಮಿಗೆ ತಂಬ್, ಬ್ಯಾಂಕ್ ಮಿತ್ರನ ಹತ್ತಿರ ಪಿಂಚಣಿಗೆ ತಂಬ್. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳನ್ನು ಸೆರಗಿಗೆ ಒರೆಸಿಕೊಂಡು ಇಡುತ್ತಾಳೆ. ಬರುವುದಿಲ್ಲ. ಎಣ್ಣೆಯ ಪಸೆ ಹತ್ತಲೆಂದು ತಲೆಗೂದಲಿಗೆ ಉಜ್ಜಿ ಇಡುತ್ತಾಳೆ. ಬರುವುದಿಲ್ಲ. ತೋರುಬೆರಳು, ನಡುಬೆರಳು, ಆಮೇಲೆ ಎಡಗೈ. ‘ಸರ್ವರ್ ಇಲ್ಲ ಕಣಮ್ಮಾ, ನಾಳೆ ಬನ್ನಿ’ ಎನ್ನುತ್ತಾರೆ. ಸರ್ವರ್ ಇರುತ್ತದೆ. ಸವೆದಿರುವುದು ಅಮ್ಮನ ಬೆರಳಿನ ಗೆರೆ.

ಇನ್ನೊಂದು ಬೆರಳಿನ ಕಥೆ. ನಾನು ವಕೀಲ. ಕೋರ್ಟಿನ ಕೆಲಸದ ಜೊತೆಗೆ ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆಸುತ್ತೇನೆ. 2023ರ ಮಳೆಗಾಲದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ನೆನೆದ ಕೊಡೆಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬಂದು ಫೋನು ನನ್ನ ಮೇಜಿನ ಮೇಲಿಟ್ಟರು. ಖಾತೆಯಿಂದ 10,000 ರೂಪಾಯಿ ಹೋಗಿತ್ತು. ಮರುದಿನ ಇನ್ನೊಂದು 10,000. ‘ಲಾಯರ್ರೇ, ನನ್ನ ಹತ್ತಿರ ಎಟಿಎಂ ಕಾರ್ಡೇ ಇಲ್ಲ. ಓಟಿಪಿ ಬಂದೂ ಇಲ್ಲ, ನಾನು ಯಾರಿಗೂ ಹೇಳಿಯೂ ಇಲ್ಲ’ ಅಂದರು. ಬ್ಯಾಂಕಿನಲ್ಲಿ ಅವರಿಗೆ ಸಿಕ್ಕ ಉತ್ತರ, ‘ನೀವೇ ಬೆರಳಿಟ್ಟು ತೆಗೆದಿದ್ದೀರಿ, ನಮ್ಮಲ್ಲಿ ದಾಖಲೆ ಇದೆ.’ ಅದನ್ನು ಹೇಳುವಾಗ ಮೇಷ್ಟ್ರು ತಮ್ಮ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದರು, ತಮಗೆ ಗೊತ್ತಿಲ್ಲದೆ ಅದು ಎಲ್ಲಿಗೋ ಹೋಗಿ ಬಂದಿದೆಯೇನೋ ಎನ್ನುವ ಹಾಗೆ.

ಹಣ ಹೋಗಿದ್ದು ಎಇಪಿಎಸ್ ಎಂಬ ಆಧಾರ್ ಪಾವತಿ ವ್ಯವಸ್ಥೆಯಲ್ಲಿ. ಬ್ಯಾಂಕು ದೂರವಿರುವ ಹಳ್ಳಿಗಳಿಗೆ ಅದು ದೊಡ್ಡ ಉಪಕಾರ ಮಾಡಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅದಕ್ಕೆ ಬೇಕಾದ್ದು ಮೂರೇ: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು. ಪಿನ್ ಇಲ್ಲ, ಓಟಿಪಿ ಇಲ್ಲ. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಕಾಗದದ ಮೇಲಿನ ಬೆರಳಚ್ಚಿನಿಂದ ಸಿಲಿಕೋನ್ ಅಚ್ಚು ಮಾಡಿದರೆ ಎಷ್ಟೋ ಯಂತ್ರಗಳು ಅದನ್ನೇ ಬೆರಳೆಂದು ನಂಬುತ್ತಿದ್ದವು.

ಬೆರಳಚ್ಚು ಎಲ್ಲಿ ಸಿಗುತ್ತದೆ? ಆ ದಿನ ನಾನು ಮೇಷ್ಟ್ರ ಕ್ರಯಪತ್ರದ ಪ್ರತಿಯನ್ನು ಕಪಾಟಿನಿಂದ ತೆಗೆದೆ. ಮೂರು ತಿಂಗಳ ಹಿಂದೆ ಅವರು ಸೈಟು ಮಾರಿದ್ದರು. ಅವರ ಫೋಟೋ, ಪಕ್ಕದಲ್ಲಿ ಹೆಬ್ಬೆಟ್ಟಿನ ಅಚ್ಚು, ಒಂದೊಂದು ಗೆರೆಯೂ ಸ್ಪಷ್ಟ. ಆಸ್ತಿ ಪತ್ರಕ್ಕೆ ಫೋಟೋ ಮತ್ತು ಬೆರಳಚ್ಚು ಕಡ್ಡಾಯ ಮಾಡಿದ್ದು 1908ರ ನೋಂದಣಿ ಕಾಯ್ದೆಗೆ 2001ರಲ್ಲಿ ಸೇರಿದ 32ಎ ಕಲಂ. ಒಬ್ಬರ ಜಮೀನನ್ನು ಇನ್ನೊಬ್ಬರು ನಿಂತು ಮಾರುವುದನ್ನು ತಡೆಯಲು ತಂದ ಒಳ್ಳೆಯ ಕಲಂ ಅದು. ಹಿಂದಿನ ಪುಟದಲ್ಲಿ ಆಧಾರ್ ಜೆರಾಕ್ಸ್, ಹನ್ನೆರಡೂ ಅಂಕಿ ಕಾಣುವಂತೆ. ಅದನ್ನು ಹಾಗೆ ಲಗತ್ತಿಸಿದವನು ನಾನು. ಕಳ್ಳತನ ಆ ಪತ್ರದಿಂದಲೇ ಆಯಿತೆಂದು ಸಾಬೀತಾಗಲಿಲ್ಲ. ಆದರೆ ಅದೇ ವರ್ಷ ಬೆಂಗಳೂರಿನಲ್ಲಿ, ಆಸ್ತಿ ನೋಂದಣಿ ಮಾಡಿಸಿದವರ ಖಾತೆಯಿಂದ ಇದೇ ದಾರಿಯಲ್ಲಿ ಹಣ ಹೋದ ದೂರುಗಳು ಸಾಲುಸಾಲಾಗಿ ಬಂದವು, ಪತ್ರಿಕೆಗಳಲ್ಲೂ ಸುದ್ದಿಯಾಯಿತು. ಇಪ್ಪತ್ತು ವರ್ಷ ಎಷ್ಟು ಜನರ ಸಂಖ್ಯೆಯನ್ನೂ ಬೆರಳನ್ನೂ ಒಂದೇ ದಾರದಲ್ಲಿ ಹೊಲಿದು ಕೊಟ್ಟಿದ್ದೇನೆ ಎಂದು ಯೋಚಿಸಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮೇಷ್ಟ್ರ ಹಣ ವಾಪಸ್ ಬಂತು, ಎರಡೂವರೆ ತಿಂಗಳು ಓಡಾಡಿದ ಮೇಲೆ. ಬಂದದ್ದಕ್ಕೆ ಕಾರಣ ಅವರು ಮೆಸೇಜು ಕಂಡ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿದ್ದು, ಬ್ಯಾಂಕಿಗೆ ಅದೇ ವಾರ ಲಿಖಿತ ದೂರು ಕೊಟ್ಟದ್ದು. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಆಗ ಜಾರಿಯಲ್ಲಿತ್ತು. ತಪ್ಪು ಗ್ರಾಹಕರದ್ದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ, ಮೂರನೆಯವರದ್ದು ಎಂದಾದಾಗ, ಮಾಹಿತಿ ಬಂದ ಮೂರು ಕೆಲಸದ ದಿನದೊಳಗೆ ದೂರು ಕೊಟ್ಟರೆ ಗ್ರಾಹಕರ ಮೇಲೆ ಒಂದು ರೂಪಾಯಿ ಹೊರೆಯೂ ಬೀಳಬಾರದು ಎನ್ನುತ್ತಿತ್ತು ಅದು. ಗ್ರಾಹಕರದ್ದೇ ತಪ್ಪು ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ‘ನೀವೇ ಬೆರಳಿಟ್ಟಿದ್ದೀರಿ’ ಎಂದು ಬಾಯಲ್ಲಿ ಹೇಳಿ ಕಳಿಸುವಂತಿಲ್ಲ.

ಹಣ ಬಂತು. ಬೆರಳು? ಎಟಿಎಂ ಪಿನ್ ಕದ್ದರೆ ಬದಲಾಯಿಸಬಹುದು, ಸಹಿ ನಕಲಾದರೆ ಬೇರೆ ಸಹಿ ರೂಢಿಸಿಕೊಳ್ಳಬಹುದು. ಮೇಷ್ಟ್ರ ಹೆಬ್ಬೆಟ್ಟಿನ ಅಚ್ಚು ಯಾರ ಚೀಲದಲ್ಲಿ ಇದೆಯೋ ಅವರ ಹತ್ತಿರ ಅದು ಮೇಷ್ಟ್ರ ಜೀವಮಾನವಿಡೀ ಇರುತ್ತದೆ.

ಈ ಗುರುತು ಕಾಗದಕ್ಕೆ ಇಳಿದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅದು ನಮ್ಮ ನೆಲದ್ದೇ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಆಂಗ್ಲ ಅಧಿಕಾರಿ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರರಿಂದ ರಸ್ತೆಗೆ ಜಲ್ಲಿ ಹಾಕಿಸಲು ಕರಾರು ಬರೆಸಿಕೊಂಡ. ಸಹಿ ಸಾಲದೆಂದು ಅವರ ಅಂಗೈಗೆ ಮಸಿ ಬಳಿದು ಕರಾರಿನ ಹಿಂಬದಿಗೆ ಒತ್ತಿಸಿದ. ‘ಇದು ನನ್ನ ಸಹಿ ಅಲ್ಲ’ ಎಂದು ನಾಳೆ ಅವರು ತಪ್ಪಿಸಿಕೊಳ್ಳಬಾರದು, ಅಷ್ಟೇ ಅವನ ಉದ್ದೇಶ. ಕಲ್ಕತ್ತೆಯಲ್ಲಿ 1897ರಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಲಕ್ಷಾಂತರ ಅಚ್ಚುಗಳ ನಡುವೆ ಒಂದನ್ನು ಹುಡುಕಿ ತೆಗೆಯುವ ವರ್ಗೀಕರಣಕ್ಕೆ ಹೆನ್ರಿ ಎಂಬ ಮೇಲಧಿಕಾರಿಯ ಹೆಸರು ಬಿತ್ತು. ಅದರ ಹಿಂದೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಮೊದಲ ದಿನದಿಂದಲೂ ಈ ಗುರುತಿನ ಕೆಲಸ ಕೊಟ್ಟವರನ್ನು ಕಟ್ಟಿಹಾಕುವುದು. ಪಡೆದುಕೊಂಡವರು ಯಾವುದಕ್ಕೂ ಕಟ್ಟುಬೀಳಬೇಕಾಗಿರಲಿಲ್ಲ. ಕೋನಾಯಿಯವರ ಅಂಗೈಯನ್ನು ಹರ್ಷೆಲ್ ಮುಂದೆ ಏನು ಬೇಕಾದರೂ ಮಾಡಬಹುದಿತ್ತು.

ಇದನ್ನು ಮೊದಲು ದೊಡ್ಡದಾಗಿ ಪ್ರಶ್ನಿಸಿದವರು ಗಾಂಧೀಜಿ. ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್‌ನಲ್ಲಿ ಏಷ್ಯಾದವರೆಲ್ಲ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಂಡು, ಕೇಳಿದಲ್ಲಿ ಚೀಟಿ ತೋರಿಸಬೇಕೆಂಬ ಕಾನೂನು ಹೊರಟಾಗ, 1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನ ಎಂಪೈರ್ ನಾಟಕಶಾಲೆಯಲ್ಲಿ ಜನ ಸೇರಿ ಇದಕ್ಕೆ ತಲೆಬಾಗುವುದಿಲ್ಲವೆಂದು ಆಣೆ ಮಾಡಿದರು. ಸತ್ಯಾಗ್ರಹ ಹುಟ್ಟಿದ ದಿನ ಎಂದು ನಾವು ಅದನ್ನು ಓದುತ್ತೇವೆ. ಅದು ಬೆರಳಿನ ವಿಷಯಕ್ಕೆ ಎಂಬುದನ್ನು ಶಾಲೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ನನಗೆ ಅದಕ್ಕಿಂತ ಮುಖ್ಯವಾದದ್ದು ಮುಂದಿನ ಸಂಗತಿ. 1908ರ ಜನವರಿಯಲ್ಲಿ ಒಂದು ರಾಜಿ ಆಯಿತು. ಭಾರತೀಯರು ತಾವಾಗಿಯೇ ನೋಂದಾಯಿಸಿಕೊಂಡರೆ ಕಾನೂನನ್ನು ಅಲ್ಲಿನ ಸರ್ಕಾರದ ಮಂತ್ರಿ ಸ್ಮಟ್ಸ್ ವಾಪಸ್ ಪಡೆಯುತ್ತಾನೆ ಎಂಬ ನಂಬಿಕೆಯ ಮೇಲೆ ಗಾಂಧೀಜಿ ಬೆರಳು ಕೊಡಲು ಹೊರಟರು. ನಿನ್ನೆವರೆಗೆ ಬೇಡ ಎಂದವರು ಇಂದು ಕೊಡಿ ಎನ್ನುತ್ತಾರಲ್ಲ ಎಂದು ಜನಕ್ಕೆ ಸಿಟ್ಟು. ಫೆಬ್ರುವರಿ 10ರಂದು ಮೀರ್ ಆಲಂ ಎಂಬ ಪಠಾಣ ದಾರಿಯಲ್ಲೇ ಅವರನ್ನು ಹೊಡೆದು ಕೆಡವಿದ. ತುಟಿ ಸೀಳಿ, ಮಾತಾಡಲಾಗದೆ ಡೋಕ್ ಪಾದ್ರಿಯವರ ಮನೆಯಲ್ಲಿ ಮಲಗಿದ್ದ ಗಾಂಧೀಜಿ ನೋಂದಣಿ ಅಧಿಕಾರಿಯನ್ನು ಹಾಸಿಗೆಯ ಪಕ್ಕಕ್ಕೆ ಕರೆಸಿ ಬೆರಳಚ್ಚು ಕೊಟ್ಟರು. ಅದೇ ಬೆರಳು, ಅದೇ ಮಸಿ. ಬಲವಂತಕ್ಕೆ ಕೊಡುವುದಿಲ್ಲ, ಮನಸಾರೆ ಕೊಡುತ್ತೇನೆ ಎಂಬುದೇ ಅವರಿಗೆ ಎಲ್ಲವೂ ಆಗಿತ್ತು. ಸ್ಮಟ್ಸ್ ಕಾನೂನು ತೆಗೆಯಲಿಲ್ಲ. ಆಗಸ್ಟ್ 16ರಂದು ಹಮೀದಿಯಾ ಮಸೀದಿಯ ಅಂಗಳದಲ್ಲಿ 2000ಕ್ಕೂ ಹೆಚ್ಚು ಚೀಟಿಗಳನ್ನು ದೊಡ್ಡ ಕೊಪ್ಪರಿಗೆಗೆ ಹಾಕಿ, ಸೀಮೆಎಣ್ಣೆ ಸುರಿದು ಸುಟ್ಟರು. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವುದು ಎಂದರೆ ಅಂದು ಹಾಗಿತ್ತು.

ಈಗ ನಮ್ಮ ಕಾಲಕ್ಕೆ ಬರೋಣ. ಆಧಾರ್ ಕಟ್ಟಿದ ಪ್ರಾಧಿಕಾರದ ಮೊದಲ ಅಧ್ಯಕ್ಷರು ಬೆಂಗಳೂರಿನ ನಂದನ್ ನಿಲೇಕಣಿ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರೂ ಬೆಂಗಳೂರಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ಕೋರ್ಟು ಮೆಟ್ಟಿಲು ಹತ್ತುವ ಹಟ ಎಲ್ಲರಿಗೂ ಬರುವುದಿಲ್ಲ. ಸರ್ಕಾರದ ವಾದ ನೇರವಾಗಿತ್ತು: ಖಾಸಗಿತನ ಎಂಬ ಮೂಲಭೂತ ಹಕ್ಕೇ ನಮ್ಮ ಸಂವಿಧಾನದಲ್ಲಿ ಇಲ್ಲ. ಅದಕ್ಕೆ 1954ರ ಎಂ.ಪಿ. ಶರ್ಮಾ ಪ್ರಕರಣವನ್ನೂ 1962ರ ಖಡಕ್ ಸಿಂಗ್ ಪ್ರಕರಣವನ್ನೂ ಮುಂದಿಟ್ಟರು. ಖಡಕ್ ಸಿಂಗ್ ದರೋಡೆ ಕೇಸಿನಲ್ಲಿ ಸಾಕ್ಷ್ಯವಿಲ್ಲದೆ ಬಿಡುಗಡೆಯಾದವನು. ಆದರೂ ಪೊಲೀಸರು ಅವನ ಹೆಸರಿನಲ್ಲಿ ಹಾಳೆ ತೆರೆದು ನಡುರಾತ್ರಿ ಬಾಗಿಲು ಬಡಿದು ‘ಇದ್ದೀಯಾ’ ಎಂದು ನೋಡುತ್ತಿದ್ದರು. ರಾತ್ರಿ ಬಾಗಿಲು ಬಡಿಯುವುದು ತಪ್ಪು ಎಂದ ಕೋರ್ಟು, ಖಾಸಗಿತನ ಹಕ್ಕಲ್ಲ ಎಂದೂ ಹೇಳಿತ್ತು.

2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಆ ಮಾತನ್ನು ಅಳಿಸಿದರು. ಖಾಸಗಿತನ ಜೀವಿಸುವ ಹಕ್ಕಿನ, ಘನತೆಯ ಭಾಗ ಎಂದರು. ಆ ಒಂಬತ್ತರಲ್ಲಿ ನಮ್ಮ ದಕ್ಷಿಣ ಕನ್ನಡದ ಅಬ್ದುಲ್ ನಜೀರ್ ಅವರೂ ಇದ್ದರು. ಮರುವರ್ಷ ಸೆಪ್ಟೆಂಬರಿನಲ್ಲಿ ಆಧಾರ್ ತೀರ್ಪು ಬಂತು. ಆಧಾರ್ ಉಳಿಯಿತು. ಆದರೆ ಬೆರಳು ಹೊಂದಲಿಲ್ಲವೆಂದು ಯಾರಿಗೂ ಸೌಲಭ್ಯ ತಪ್ಪಿಸಬಾರದು ಎಂಬ ಮಾತು ಬಹುಮತದ ತೀರ್ಪಿನಲ್ಲೇ ಇದೆ. ಸೆರಗಿಗೆ ಬೆರಳು ಒರೆಸಿಕೊಳ್ಳುವ ಪ್ರತಿಯೊಬ್ಬ ತಾಯಿಗೂ ಗೊತ್ತಿರಬೇಕಾದ ಮಾತು ಅದು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರು ಕಾನೂನು ಓದುವ ಎಲ್ಲ ಮಕ್ಕಳ ಬಾಯಲ್ಲಿದೆ, ನಮ್ಮ ಮನೆಮಾತಿನಲ್ಲಿ ಇನ್ನೂ ಇಲ್ಲ. ಅದು ನನಗೆ ನೋವಿನ ಸಂಗತಿ.

ಹಕ್ಕು ಇದೆ ಎಂದಾಯಿತು. ಅದನ್ನು ಕಾಯುವ ಕಾಯ್ದೆ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಬಂದದ್ದು ಆರು ವರ್ಷದ ಮೇಲೆ, 2023ರ ಆಗಸ್ಟಿನಲ್ಲಿ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವು ಕೊಟ್ಟರು. ನಮ್ಮ ಮಾಹಿತಿ ಪಡೆದು ಇಟ್ಟುಕೊಳ್ಳುವವರನ್ನು ಈ ಕಾಯ್ದೆ ‘ಡೇಟಾ ಫಿಡ್ಯೂಶಿಯರಿ’ ಎನ್ನುತ್ತದೆ. ಬಾಯಿಗೆ ಕಷ್ಟದ ಪದ, ಆದರೆ ಒಳಗಿನ ಅರ್ಥ ನಮಗೆ ಹಳೆಯದು. ಕಾಶಿಗೆ ಹೊರಟವರು ಒಡವೆಯ ಗಂಟನ್ನು ಪಕ್ಕದ ಮನೆಯಲ್ಲಿ ಇಟ್ಟು ಹೋಗುತ್ತಿದ್ದರಲ್ಲ, ಆ ಪಕ್ಕದ ಮನೆಯವರು. ಗಂಟು ಬಿಚ್ಚಿ ನೋಡುವ ಹಾಗಿಲ್ಲ, ಮದುವೆಗೆ ತೊಟ್ಟುಕೊಂಡು ಹೋಗುವ ಹಾಗಿಲ್ಲ, ಕಳ್ಳ ಬಂದರೆ ‘ನಿಮ್ಮದು ಹೋಯಿತು’ ಎಂದು ಕೈತೊಳೆದುಕೊಳ್ಳುವ ಹಾಗೂ ಇಲ್ಲ. ಹರ್ಷೆಲ್ ಕಾಲದಿಂದ ಕೊಟ್ಟವರನ್ನೇ ಕಟ್ಟುತ್ತಿದ್ದ ಹಗ್ಗದ ಇನ್ನೊಂದು ತುದಿಯನ್ನು ಪಡೆದವರ ಕಾಲಿಗೂ ಬಿಗಿಯುವ ಮೊದಲ ಪ್ರಯತ್ನ ಇದು.

ಇದರಲ್ಲಿ ನನಗೆ ಮೆಚ್ಚುಗೆಯಾದದ್ದು 6ನೇ ಕಲಂ. ಒಪ್ಪಿಗೆ ಯಾವ ಷರತ್ತೂ ಇಲ್ಲದೆ, ತಿಳಿದು ಕೊಟ್ಟದ್ದಾಗಿರಬೇಕು, ಕೆಲಸಕ್ಕೆ ಬೇಕಾದಷ್ಟು ಮಾಹಿತಿಗೆ ಮಾತ್ರ ಸಲ್ಲಬೇಕು. ಕಾಯ್ದೆಯೇ ಒಂದು ಉದಾಹರಣೆ ಕೊಡುತ್ತದೆ. ಫೋನಿನಲ್ಲಿ ವೈದ್ಯರ ಸಲಹೆ ಕೊಡುವ ಆ್ಯಪ್ ನಿಮ್ಮ ಫೋನಿನಲ್ಲಿರುವ ನಂಬರುಗಳ ಪಟ್ಟಿಯನ್ನೂ ಕೇಳುತ್ತದೆ, ನೀವು ಎರಡಕ್ಕೂ ಹೂಂ ಅನ್ನುತ್ತೀರಿ. ಆದರೂ ಪಟ್ಟಿಗೆ ಕೊಟ್ಟ ಒಪ್ಪಿಗೆ ನಿಲ್ಲುವುದಿಲ್ಲ, ಏಕೆಂದರೆ ಜ್ವರಕ್ಕೆ ಮಾತ್ರೆ ಹೇಳಲು ನಿಮ್ಮ ನೆಂಟರ ನಂಬರು ಬೇಕಿಲ್ಲ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯಲೂ ಬರಬೇಕು, ಈಗ ಕೊಪ್ಪರಿಗೆ ಬೇಕಾಗಿಲ್ಲ. ಇನ್ನೊಂದು ಮಾತನ್ನು ದಯವಿಟ್ಟು ನೆನಪಿಡಿ: ಒಪ್ಪಿಗೆ ಕೇಳುವ ಬರಹವನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದುವ ಆಯ್ಕೆ ನಮಗಿರಬೇಕು. ಅಂದರೆ ಕನ್ನಡದಲ್ಲಿ ಕೇಳುವುದು ನಮ್ಮ ಹಕ್ಕು. ಹತ್ತು ಪುಟದ ಇಂಗ್ಲಿಷಿನ ಕೆಳಗೆ ಒತ್ತಿದ ‘ಐ ಅಗ್ರೀ’ಗೂ ಓದಲು ಬಾರದೆ ಒತ್ತಿದ ಹೆಬ್ಬೆಟ್ಟಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಪದವಿ ಪಡೆದ ನಾವೆಲ್ಲ ದಿನಕ್ಕೆ ನಾಲ್ಕು ಸಲ ಹೆಬ್ಬೆಟ್ಟಾಗುತ್ತಿದ್ದೇವೆ.

ಕೊರತೆಗಳನ್ನೂ ಹೇಳಬೇಕು. ಸರ್ಕಾರ ಸಬ್ಸಿಡಿ, ಸೌಲಭ್ಯ ಕೊಡುವಾಗ ಒಪ್ಪಿಗೆಯೇ ಬೇಡದ ದಾರಿ 7ನೇ ಕಲಂನಲ್ಲಿದೆ. 17ನೇ ಕಲಂ ಪ್ರಕಾರ ಕೇಂದ್ರ ತನ್ನ ಯಾವ ಸಂಸ್ಥೆಗೆ ಬೇಕಾದರೂ, ದೇಶದ ಭದ್ರತೆಯಂಥ ಕಾರಣಕ್ಕೆ, ಕಾಯ್ದೆಯಿಂದಲೇ ವಿನಾಯಿತಿ ಕೊಡಬಹುದು. ನಮ್ಮ ಅತಿ ಹೆಚ್ಚು ಬೆರಳು ಯಾರ ಹತ್ತಿರ ಇವೆಯೋ ಅವರಿಗೇ ಹಗ್ಗ ಸಡಿಲ. ಭದ್ರತೆಯಲ್ಲಿ ಎಡವಿದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಎಂದು ಪತ್ರಿಕೆಗಳು ದಪ್ಪಕ್ಷರದಲ್ಲಿ ಬರೆದವು. ಆ ದಂಡ ಹೋಗುವುದು ಭಾರತದ ಸಂಚಿತ ನಿಧಿಗೆ. ಮಾಹಿತಿ ಕಳೆದುಕೊಂಡವರಿಗೆ ಕಂಪನಿಯಿಂದ ಪರಿಹಾರ ಕೊಡಿಸುತ್ತಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಂ ಅನ್ನು ಇದೇ ಕಾಯ್ದೆ ತೆಗೆದುಹಾಕುತ್ತದೆ. ಮೇಷ್ಟ್ರಂಥವರ ಬೆರಳು ಸೋರಿದರೆ ದಂಡ ಸರ್ಕಾರಕ್ಕೆ, ಮೇಷ್ಟ್ರಿಗೆ ತಿಳಿವಳಿಕೆ ಪತ್ರ. ನ್ಯಾಯದ ಹೆಸರಿನಲ್ಲಿ ಇದನ್ನು ಒಪ್ಪಿಕೊಳ್ಳಲು ನನ್ನಿಂದಾಗುವುದಿಲ್ಲ.

ಇನ್ನೂ ಒಂದು. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಮೊದಲು ಹೇಳುತ್ತಿದ್ದುದು, ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ವೈಯಕ್ತಿಕ ಮಾಹಿತಿ ಕೊಡಬೇಕಿಲ್ಲ ಎಂದು. ಈಗ ಈ ಹೊಸ ಕಾಯ್ದೆಯಿಂದ ಆ ಷರತ್ತು ಹೋಗಿ ‘ವೈಯಕ್ತಿಕ ಮಾಹಿತಿ’ ಎಂಬಷ್ಟೇ ಉಳಿದಿದೆ. ಸಾರ್ವಜನಿಕ ಹಿತಕ್ಕಾಗಿ ಕೊಡಬಹುದೆನ್ನುವ 8(2) ಇನ್ನೂ ಇದೆ ನಿಜ, ಆದರೆ ಕೊಡಲು ಮನಸ್ಸಿಲ್ಲದ ಅಧಿಕಾರಿಗೆ ಮೊದಲನೆಯದೇ ಸಾಕು. ಕೂಲಿ ಹಾಜರಿ ಪಟ್ಟಿಯಲ್ಲಿ ಸತ್ತವರ ಹೆಸರಿದೆಯೇ ಎಂದು ನೋಡಲು ಹೋದವರನ್ನು ‘ಇದು ಖಾಸಗಿ’ ಎಂದು ವಾಪಸ್ ಕಳಿಸಿದರೆ, ಅದು ಪುಟ್ಟಸ್ವಾಮಿಯವರು ಗೆದ್ದುಕೊಟ್ಟ ಖಾಸಗಿತನ ಅಲ್ಲ. ಅವರು ಕೇಳಿದ್ದು ಪ್ರಜೆಗೆ ಬಾಗಿಲು, ಸರ್ಕಾರಕ್ಕೆ ಕಿಟಕಿ.

ನನ್ನ ಕೈಲಾದದ್ದನ್ನು ನನ್ನ ಆಫೀಸಿನಲ್ಲಿ ಮಾಡಿದ್ದೇನೆ. ಈಗ ಯಾವ ಪತ್ರಕ್ಕೂ ಮೊದಲ ಎಂಟು ಅಂಕಿ ಮುಚ್ಚಿದ ಆಧಾರ್ ಪ್ರತಿಯನ್ನೇ ಲಗತ್ತಿಸುತ್ತೇನೆ. ಬಂದವರಿಗೆಲ್ಲ ಬಯೋಮೆಟ್ರಿಕ್ ಲಾಕ್ ಬಗ್ಗೆ ಹೇಳುತ್ತೇನೆ. ಆಧಾರ್ ಆ್ಯಪ್‌ನಲ್ಲೋ ಆಧಾರ್ ಜಾಲತಾಣದಲ್ಲೋ ಓಟಿಪಿ ಹಾಕಿ ಬೆರಳಿಗೆ ಬೀಗ ಹಾಕಬಹುದು. ಆಮೇಲೆ ಅಚ್ಚು ಯಾರ ಹತ್ತಿರ ಇದ್ದರೂ ಆ ಬೆರಳಿನಿಂದ ಆಧಾರ್ ದೃಢೀಕರಣ ನಡೆಯುವುದಿಲ್ಲ. ಬೇಕಾದಾಗ ತೆಗೆದು ಮತ್ತೆ ಹಾಕಬಹುದು. ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರ್ ಯಾವಾಗೆಲ್ಲ ಬಳಕೆಯಾಯಿತು ಎಂಬ ಪಟ್ಟಿಯೂ ಅಲ್ಲೇ ಸಿಗುತ್ತದೆ. ತಿಂಗಳಿಗೊಮ್ಮೆ ನೋಡಿ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಆಶಾ ಕಾರ್ಯಕರ್ತೆ ಎದ್ದು ನಿಂತರು. ‘ಸಾರ್, ನಮ್ಮತ್ತೆಗೆ ಫೋನಿಲ್ಲ. ಆಧಾರಿಗೆ ಕೊಟ್ಟಿರೋ ನಂಬರು ಬೆಂಗಳೂರಲ್ಲಿರೋ ನಮ್ಮ ಮೈದುನಂದು. ಬೀಗ ಹಾಕಿದ್ರೆ ರೇಷನ್ ದಿನ ತೆಗೆಯೋರು ಯಾರು?’

ಅಂದು ಬಂದ ಪ್ರಶ್ನೆಗಳಲ್ಲಿ ಅತಿ ಸರಿಯಾದ ಪ್ರಶ್ನೆ ಅದು. ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ನಮ್ಮ ಮನೆಯಲ್ಲೂ ಹಾಗೇ ಇದೆ ಎಂದೆ. ಅಮ್ಮನ ಆಧಾರಿಗೆ ಇರುವುದು ನನ್ನ ನಂಬರು, ಅವಳ ಬೆರಳಿನ ಬೀಗದ ಕೈ ನನ್ನ ಜೇಬಿನಲ್ಲಿ. ತಿಂಗಳಿಗೊಮ್ಮೆ, ನಾನು ಕೋರ್ಟಿನಲ್ಲಿದ್ದರೂ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತು ಪಕ್ಕದವರ ಫೋನಿನಿಂದ ಕರೆ ಮಾಡುತ್ತಾಳೆ. ಹಲೋ ಕೂಡ ಇಲ್ಲ. ‘ಬೀಗ ತೆಗ್ದ್ಯಾ?’